ಪ್ರೆಸೆಂಟೇಶನ್‌ಗೆ ಯಾವ ಸಾಫ್ಟ್‌ವೇರ್, ಯಾವ ಸಾಧನ? ಪರದೆಯ ಕಡೆಯಿಂದ ಯೋಚಿಸಿ

ಪ್ರೆಸೆಂಟೇಶನ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿ ನೋಡಿ. ಹೆಚ್ಚಿನವರು ತಾವು ಬಳಸುವುದರ ಹೆಸರನ್ನೇ ಹೇಳುತ್ತಾರೆ. ಟ್ಯಾಬ್ಲೆಟ್ ಕೊಳ್ಳಲಾ, ಫೋನ್ ಒಂದೇ ಸಾಕಾ ಎಂದು ಕೇಳಿದರೆ ಮಾತು ಪ್ರೊಸೆಸರ್, ರ‍್ಯಾಮ್, ಕ್ಯಾಮೆರಾ ಕಡೆ ತಿರುಗುತ್ತದೆ. ಎರಡು ಉತ್ತರಗಳಲ್ಲೂ ಕೆಲಸಕ್ಕೆ ಬರುವ ಮಾತು ಕಡಿಮೆ. ಯಾಕೆಂದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನೀವು ಮಾಡಿದ ಸ್ಲೈಡ್ ಕೊನೆಗೆ ಯಾರ ಯಂತ್ರದಲ್ಲಿ ತೆರೆದುಕೊಳ್ಳುತ್ತದೆ? ಯಾವ ಪರದೆಯ ಮೇಲೆ ಕಾಣುತ್ತದೆ? ಆ ಯಂತ್ರಕ್ಕೂ ಪರದೆಗೂ ನಡುವೆ ಏನಿದೆ?

ಇದಕ್ಕೆ ಉತ್ತರ ಸುಮಾರಾಗಿ ಮೂರು ಥರ ಇರುತ್ತದೆ. ಒಂದು, ನಿಮ್ಮದೇ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ತೆಗೆದುಕೊಂಡು ಹೋಗಿ ಅಲ್ಲಿನ ಪರದೆಗೆ ಜೋಡಿಸುವುದು. ಆಗ ಯಾವ ಸಾಫ್ಟ್‌ವೇರ್ ಬೇಕಾದರೂ ನಡೆಯುತ್ತದೆ, ತಲೆನೋವು ಮಾತ್ರ ತಂತಿಯದ್ದು. ಇನ್ನೊಂದು, ಫೈಲ್ ಕೊಟ್ಟುಬಿಡುವುದು. ದೊಡ್ಡ ಸಮ್ಮೇಳನಗಳಲ್ಲಿ ಹೀಗೇ. ನಿಮ್ಮ ಫೈಲ್ ಅವರ ಕಂಪ್ಯೂಟರಿನಲ್ಲಿ ಓಡುತ್ತದೆ. ಆಗ ತಂತಿಯ ಚಿಂತೆ ಅವರಿಗೆ, ಫೈಲಿನ ಚಿಂತೆ ನಿಮಗೆ. ಮೂರನೆಯದರಲ್ಲಿ ಸಭಾಂಗಣವೇ ಇರುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡುತ್ತೀರಿ. ಇಲ್ಲವೇ ಮೇಲ್‌ನಲ್ಲಿ ಕಳಿಸುತ್ತೀರಿ, ಅವರು ಲಿಫ್ಟ್‌ನಲ್ಲಿ ನಿಂತು ಫೋನ್‌ನಲ್ಲೇ ಓದಿ ಮುಗಿಸುತ್ತಾರೆ.

ನಿಮ್ಮ ಕೆಲಸದಲ್ಲಿ ಈ ಮೂರರಲ್ಲಿ ಯಾವುದು ಜಾಸ್ತಿ ಎಂದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಇನ್ನೂ ಹಿಂದೆ ಹೋಗಿ ಕೇಳುವುದಾದರೆ, ಸ್ಲೈಡ್ ಬೇಕೇ ಬೇಕಾ? ಅಮೆಜಾನ್‌ನ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಪವರ್‌ಪಾಯಿಂಟ್ ಬೇಡ ಎಂದರು. ಬದಲಿಗೆ ಕೆಲವು ಪುಟಗಳ ಟಿಪ್ಪಣಿ ಬರೆದು, ಸಭೆಯ ಶುರುವಿನಲ್ಲಿ ಎಲ್ಲರೂ ಅದನ್ನು ಓದುವ ಪದ್ಧತಿ ತಂದರು. 2003ರಲ್ಲಿ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತವನ್ನು ತನಿಖೆ ಮಾಡಿದ ಮಂಡಳಿಯೂ ಇದನ್ನೇ ಎತ್ತಿತ್ತು. ತಾಂತ್ರಿಕ ವರದಿ ಬರೆಯುವ ಬದಲು ಸ್ಲೈಡ್‌ಗಳಲ್ಲೇ ವಿಷಯ ಮುಗಿಸುವ ನಾಸಾದ ಅಭ್ಯಾಸವನ್ನು ತನ್ನ ವರದಿಯಲ್ಲಿ ಟೀಕಿಸಿತ್ತು. ಜನ ಓದಿ, ಯೋಚಿಸಿ ತೀರ್ಮಾನ ಮಾಡಬೇಕಾದ ವಿಷಯವಾದರೆ ಎರಡು ಪುಟದ ಡಾಕ್ಯುಮೆಂಟ್ ಎಷ್ಟೋ ವಾಸಿ. ಚಿತ್ರ, ನಕ್ಷೆ, ಉತ್ಪನ್ನ ತೋರಿಸುತ್ತಾ ಮಾತಾಡುವುದಿದ್ದರೆ ಸ್ಲೈಡ್ ಇರಲಿ.

ಸಾಫ್ಟ್‌ವೇರ್‌ಗಳ ಸ್ವಭಾವ

ಪವರ್‌ಪಾಯಿಂಟ್ ಮೊದಲು ಬಂದಿದ್ದು 1987ರಲ್ಲಿ, ಅದೂ ಆ್ಯಪಲ್‌ನ ಮ್ಯಾಕಿಂಟಾಷ್‌ಗೆ. ಮಾಡಿದ್ದು ಫೋರ್‌ಥಾಟ್ ಅನ್ನುವ ಸಣ್ಣ ಕಂಪನಿ. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ವಿಂಡೋಸ್ ಆವೃತ್ತಿ ಬಂದಿದ್ದು 1990ರಲ್ಲಿ. ಇವತ್ತು ಅದರ ದೊಡ್ಡ ಬಲ ಯಾವುದೋ ವಿಶೇಷ ಸೌಲಭ್ಯವಲ್ಲ. ಅದರ ಫೈಲನ್ನು ಎಲ್ಲಿ ಕೊಟ್ಟರೂ ಯಾರಾದರೂ ತೆರೆಯುತ್ತಾರೆ, ಅಷ್ಟೇ. ಫೈಲ್ ಕೊಟ್ಟು ಬರುವ ಕೆಲಸ ನಿಮಗೆ ಜಾಸ್ತಿ ಇದ್ದರೆ ಬೇರೆ ಏನನ್ನೂ ಯೋಚಿಸದೆ ಇದನ್ನೇ ಆರಿಸಿ.

ಆದರೆ ಒಂದು ವಿಷಯ ತಿಳಿದಿರಬೇಕು. ಪವರ್‌ಪಾಯಿಂಟ್ ಅನ್ನುವ ಹೆಸರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಪ್ರೋಗ್ರಾಮ್‌ಗಳಿವೆ. ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡುವುದು ಒಂದು, ಬ್ರೌಸರ್‌ನಲ್ಲಿ ತೆರೆಯುವುದು ಇನ್ನೊಂದು, ಫೋನ್ ಮತ್ತು ಟ್ಯಾಬ್ಲೆಟ್‌ಗೆ ಬರುವ ಆ್ಯಪ್ ಮತ್ತೊಂದು. ಮೂರರ ಸಾಮರ್ಥ್ಯ ಒಂದೇ ಅಲ್ಲ. ಕಂಪ್ಯೂಟರಿನಲ್ಲಿ ಕಟ್ಟಿದ ಸ್ಲೈಡನ್ನು ಫೋನ್‌ನಲ್ಲಿ ತೋರಿಸಬಹುದು, ಸಣ್ಣ ತಿದ್ದುಪಡಿ ಮಾಡಬಹುದು. ಮೊದಲಿನಿಂದ ಕೊನೆಯವರೆಗೆ ಫೋನ್‌ನಲ್ಲೇ ಕಟ್ಟುತ್ತೇನೆ ಎಂದರೆ ಕಷ್ಟ. ಲೈಸೆನ್ಸ್‌ನಲ್ಲೂ ಒಂದು ಗೆರೆ ಇದೆ. ಮೊಬೈಲ್ ಆ್ಯಪ್‌ನಲ್ಲಿ ಉಚಿತವಾಗಿ ತಿದ್ದಲು ಪರದೆ 10.1 ಇಂಚು ಅಥವಾ ಅದಕ್ಕಿಂತ ಚಿಕ್ಕದಿರಬೇಕು. 11 ಅಥವಾ 13 ಇಂಚಿನ ಟ್ಯಾಬ್ಲೆಟ್ ಆದರೆ ನೋಡಬಹುದು, ತಿದ್ದಲು ಚಂದಾ ಕಟ್ಟಬೇಕು. ವ್ಯವಹಾರದ ಕೆಲಸಕ್ಕಾದರೆ ಪರದೆ ಎಷ್ಟೇ ಚಿಕ್ಕದಿರಲಿ, ಚಂದಾ ಇರಲೇಬೇಕು. ದೊಡ್ಡ ಟ್ಯಾಬ್ಲೆಟ್ ಕೊಂಡ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ಗೂಗಲ್ ಸ್ಲೈಡ್ಸ್‌ನ ಬಲ ಇರುವುದು ಸ್ಲೈಡ್ ತೋರಿಸುವುದರಲ್ಲಿ ಅಲ್ಲ, ಮಾಡುವುದರಲ್ಲಿ. ನಾಲ್ಕು ಜನ ನಾಲ್ಕು ಕಡೆ ಕೂತು ಒಂದೇ ಫೈಲನ್ನು ಒಟ್ಟಿಗೆ ತಿದ್ದಬಹುದು. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅನ್ನುವ ಫೈಲ್‌ಗಳ ಗೋಳಿಲ್ಲ. ಯಾರು ಯಾವಾಗ ಏನು ಬದಲಿಸಿದರು ಎಂದು ಹಿಂದಕ್ಕೆ ಹೋಗಿ ನೋಡಬಹುದು. ಪವರ್‌ಪಾಯಿಂಟ್‌ನಲ್ಲೂ ಫೈಲ್ ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿದ್ದರೆ ಇದು ಸಾಧ್ಯ. ಆದರೂ ಸ್ಲೈಡ್ಸ್‌ನಲ್ಲಿ ಅದಕ್ಕೆಂದು ಏನೂ ಮಾಡಬೇಕಾಗಿಲ್ಲ. ಕೊರತೆ ಇಂಟರ್‌ನೆಟ್ ಇಲ್ಲದಾಗ ಕಾಣುತ್ತದೆ. ಆಫ್‌ಲೈನ್ ಬಳಸಬೇಕಾದರೆ ಮೊದಲೇ ಅದನ್ನು ಆನ್ ಮಾಡಿಟ್ಟಿರಬೇಕು. ಸ್ಲೈಡ್‌ನಲ್ಲಿರುವ ವಿಡಿಯೊ ಯೂಟ್ಯೂಬ್ ಅಥವಾ ಗೂಗಲ್ ಡ್ರೈವ್‌ನಿಂದ ಹರಿದು ಬರುತ್ತದೆ, ಹಾಗಾಗಿ ನೆಟ್ ಇಲ್ಲದಿದ್ದರೆ ವಿಡಿಯೊ ಇಲ್ಲ. 100 ಎಂಬಿಗಿಂತ ದೊಡ್ಡ ಪವರ್‌ಪಾಯಿಂಟ್ ಫೈಲನ್ನು ಅದು ತನ್ನ ರೂಪಕ್ಕೆ ಬದಲಿಸಿಕೊಳ್ಳುವುದೂ ಇಲ್ಲ.

ಕೀನೋಟ್ ಆ್ಯಪಲ್‌ನದ್ದು, 2003ರಲ್ಲಿ ಬಂತು. ಸ್ಟೀವ್ ಜಾಬ್ಸ್ ತಮ್ಮ ಭಾಷಣಗಳಿಗೆ ಬಳಸುತ್ತಿದ್ದ ಉಪಕರಣವೇ ಆಮೇಲೆ ಎಲ್ಲರಿಗೂ ಸಿಕ್ಕಿತು. ಮ್ಯಾಕ್, ಐಪ್ಯಾಡ್, ಐಫೋನ್ ಮೂರರಲ್ಲೂ ಅದು ಹೆಚ್ಚು ಕಡಿಮೆ ಒಂದೇ ಥರ ಓಡುತ್ತದೆ. ಕೈಯಲ್ಲಿ ಹಿಡಿಯುವ ಸಾಧನದಿಂದಲೇ ಪ್ರೆಸೆಂಟೇಶನ್ ಕೊಡುವವರಿಗೆ ಇದಕ್ಕಿಂತ ಸಲೀಸಾದದ್ದನ್ನು ನಾನು ಕಂಡಿಲ್ಲ. ಐಫೋನನ್ನೇ ರಿಮೋಟ್ ಮಾಡಿಕೊಂಡು ಟಿಪ್ಪಣಿ ನೋಡುತ್ತಾ ಸ್ಲೈಡ್ ತಿರುಗಿಸಬಹುದು. ಆದರೆ ಫೈಲ್ ಬೇರೆಯವರಿಗೆ ಕೊಡಬೇಕಾದ ದಿನ ಕೀನೋಟ್ ಕೈ ಕೊಡುತ್ತದೆ. ಪವರ್‌ಪಾಯಿಂಟ್ ರೂಪಕ್ಕೆ ಬದಲಿಸಿದರೆ ಕೆಲವು ಅನಿಮೇಶನ್ ಹೋಗುತ್ತದೆ, ಫಾಂಟ್ ಬದಲಾಗುತ್ತದೆ. ನಿಮ್ಮದೇ ಸಾಧನದಿಂದ ತೋರಿಸುವವರಾದರೆ ಕಣ್ಣು ಮುಚ್ಚಿ ಬಳಸಿ, ಇಲ್ಲದಿದ್ದರೆ ಬೇಡ.

ಲಿಬ್ರೆಆಫೀಸ್ ಇಂಪ್ರೆಸ್ ಉಚಿತ, ಮುಕ್ತ. ಖಾತೆ ತೆರೆಯಬೇಕಾಗಿಲ್ಲ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಗುಟ್ಟು ಕಾಪಾಡಬೇಕಾದ ಕೆಲಸಕ್ಕೆ ಇದೇ ಒಂದು ದೊಡ್ಡ ಕಾರಣ. ಕ್ಯಾನ್ವಾ ವಿನ್ಯಾಸ ಬಾರದವರಿಗೆ ಅಂದವಾದ ಸ್ಲೈಡ್ ಮಾಡಿಕೊಡುತ್ತದೆ, ಪವರ್‌ಪಾಯಿಂಟ್‌ಗೆ ಸಾಗಿಸುವಾಗ ಮಾತ್ರ ಸರಿಯಾಗಿ ಬಂತಾ ನೋಡಿಕೊಳ್ಳಬೇಕು. 2009ರಲ್ಲಿ ಬಂದ ಪ್ರೆಜಿಯಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಹಾರುತ್ತಾ, ಹಿಗ್ಗುತ್ತಾ ಕುಗ್ಗುತ್ತಾ ವಿಷಯ ತೋರಿಸಬಹುದು. ಲೆಕ್ಕ, ಬಜೆಟ್ ತೋರಿಸುವ ಸಭೆಗೆ ಅದು ಯಾಕೆ ಬೇಕೋ ನನಗಂತೂ ಹೊಳೆದಿಲ್ಲ. ಕೆಲವರಿಗೆ ತಲೆ ಸುತ್ತು ಬರುತ್ತದೆ.

ಎಐ ಸ್ಲೈಡ್ ಮಾಡಿಕೊಡುತ್ತದೆ ಅನ್ನುವುದು ಈಗಿನ ಆಕರ್ಷಣೆ. ಮೈಕ್ರೋಸಾಫ್ಟ್, ಗೂಗಲ್, ಕ್ಯಾನ್ವಾ ಎಲ್ಲದರಲ್ಲೂ ಬಂದಿದೆ. ಕರಡು ಜೋಡಿಸಲು ಪರವಾಗಿಲ್ಲ. ಅದು ಹಾಕಿಕೊಟ್ಟ ಅಂಕಿಯನ್ನು ಮಾತ್ರ ಪರೀಕ್ಷಿಸದೆ ಪರದೆಗೆ ಏರಿಸಬೇಡಿ. ಇದೊಂದನ್ನೇ ನೋಡಿ ಸಾಫ್ಟ್‌ವೇರ್ ಆರಿಸುವುದೂ ಬೇಡ, ಆರು ತಿಂಗಳಲ್ಲಿ ಎಲ್ಲವೂ ಬದಲಾಗಿರುತ್ತದೆ.

ಫೈಲ್ ಒಳಗೆ ಏನಿರುತ್ತದೆ, ಏನಿರುವುದಿಲ್ಲ

ನನ್ನ ಪ್ರಕಾರ ಸಾಫ್ಟ್‌ವೇರ್ ಹೆಸರಿಗಿಂತ ಇದು ಮುಖ್ಯ.

2007ರ ಆಫೀಸ್‌ನಿಂದ ಈಚೆಗೆ ಪವರ್‌ಪಾಯಿಂಟ್ ಫೈಲ್ ಅಂದರೆ ನಿಜದಲ್ಲಿ ಒಂದು ಜಿಪ್ ಫೈಲ್. ಅದರ ಪ್ರತಿ ಮಾಡಿ, ಹೆಸರಿನ ಕೊನೆಯಲ್ಲಿರುವ ‘ಪಿಪಿಟಿಎಕ್ಸ್’ ತೆಗೆದು ‘ಜಿಪ್’ ಎಂದು ಹಾಕಿ ಬಿಚ್ಚಿ ನೋಡಿ. ಒಳಗೆ ಒಂದೊಂದು ಸ್ಲೈಡ್‌ಗೆ ಒಂದೊಂದು ಪಠ್ಯ ಕಡತ, ಚಿತ್ರಗಳಿಗೆ, ವಿಡಿಯೊಗಳಿಗೆ ಒಂದು ಫೋಲ್ಡರ್ ಕಾಣುತ್ತದೆ. ಈ ರೂಪ 2008ರಲ್ಲಿ ಅಂತಾರಾಷ್ಟ್ರೀಯ ಮಾನಕವೂ ಆಯಿತು. ಹಾಗಿದ್ದೂ ಒಂದೇ ಫೈಲ್ ಎರಡು ಕಡೆ ಎರಡು ಥರ ಕಾಣುವುದು ಯಾಕೆ?

ಮುಖ್ಯ ಕಾರಣ ಫಾಂಟ್. ನೀವಾಗಿ ಹೇಳದಿದ್ದರೆ ಫಾಂಟ್ ಫೈಲಿನ ಜೊತೆ ಹೋಗುವುದಿಲ್ಲ, ಅದರ ಹೆಸರು ಮಾತ್ರ ಹೋಗುತ್ತದೆ. ತೆರೆಯುವ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅದು ಬೇರೆ ಯಾವುದನ್ನೋ ಹಾಕಿಕೊಳ್ಳುತ್ತದೆ. ಹೊಸ ಫಾಂಟ್ ಸ್ವಲ್ಪ ಅಗಲ ಇದ್ದರೂ ಸಾಕು, ಸಾಲು ಮುರಿಯುತ್ತದೆ, ಕೊನೆಯ ಸಾಲು ಪೆಟ್ಟಿಗೆಯಿಂದ ಹೊರಗೆ ಬೀಳುತ್ತದೆ. ಪವರ್‌ಪಾಯಿಂಟ್‌ನಲ್ಲಿ ಸೇವ್ ಮಾಡುವ ಆಯ್ಕೆಗಳಲ್ಲಿ ಫಾಂಟನ್ನು ಫೈಲ್ ಒಳಗೇ ಸೇರಿಸುವ ಸೌಲಭ್ಯ ಇದೆ. ಅದನ್ನು ಆನ್ ಮಾಡಿ. ಆದರೆ ಕೆಲವು ಫಾಂಟ್‌ಗಳ ಲೈಸೆನ್ಸ್ ಅದಕ್ಕೆ ಒಪ್ಪುವುದಿಲ್ಲ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಈ ಕಷ್ಟ ಇನ್ನೂ ಒಂದು ಕೈ ಜಾಸ್ತಿ. ಈಚಿನ ವಿಂಡೋಸ್‌ನಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಇರುತ್ತದೆ, ಹಳೆಯದರಲ್ಲಿ ತುಂಗಾ. ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್. ಆಂಡ್ರಾಯ್ಡ್‌ನಲ್ಲಿ ನೋಟೋ. ಅಕ್ಷರದ ಅಗಲ, ಒತ್ತಕ್ಷರಕ್ಕೆ ಬಿಡುವ ಜಾಗ ಒಂದೊಂದರಲ್ಲಿ ಒಂದೊಂದು ಥರ. ಹಾಗಾಗಿ ಪೆಟ್ಟಿಗೆ ತುಂಬಿ ತುಳುಕುವಂತೆ ಬರೆಯಬೇಡಿ, ಕೆಳಗೆ ಒಂದು ಸಾಲಿನಷ್ಟು ಖಾಲಿ ಬಿಡಿ. ಯೂನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಸ್ಲೈಡ್ ಆದರೆ ಕಥೆ ಬೇರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪಾಗಿ ಕಾಣುತ್ತದೆ. ಫೋನ್‌ನಲ್ಲೂ ಹಾಗೇ. ಅಂಥ ಹಳೆಯ ಸ್ಲೈಡ್‌ಗಳನ್ನು ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆಮೇಲೆ ಬೇಕಾದರೆ ಹೊಸ ಸಾಧನದ ಯೋಚನೆ ಮಾಡಿ.

ಎರಡನೇ ಕಾರಣ ಸ್ಲೈಡ್‌ನ ಆಕಾರ. ಹಿಂದೆ ಪರದೆಗಳು 4:3 (ಅಗಲ 4 ಪಾಲು, ಎತ್ತರ 3 ಪಾಲು) ಇದ್ದವು, ಈಗ ಹೆಚ್ಚಿನವು 16:9. ಪವರ್‌ಪಾಯಿಂಟ್ 2013ರ ಆವೃತ್ತಿಯಿಂದ ಅಗಲ ಸ್ಲೈಡನ್ನೇ ಮೊದಲ ಆಯ್ಕೆಯಾಗಿ ಕೊಡುತ್ತದೆ. ಆಕಾರವನ್ನು ಶುರುವಿನಲ್ಲೇ ತೀರ್ಮಾನ ಮಾಡಿ. ನಲವತ್ತು ಸ್ಲೈಡ್ ಮಾಡಿದ ಮೇಲೆ ಬದಲಿಸಿದರೆ ಚಿತ್ರಗಳು ಹಿಗ್ಗುತ್ತವೆ ಅಥವಾ ಅಂಚು ಕತ್ತರಿಸಿಕೊಳ್ಳುತ್ತವೆ, ಒಂದೊಂದನ್ನೂ ಕೂತು ಸರಿ ಮಾಡಬೇಕು.

ಇನ್ನು ಫೈಲಿನ ಜೊತೆ ಹೋಗಬಾರದ್ದು ಹೋಗುವ ವಿಷಯ. ಇದು ವ್ಯವಹಾರದವರು ನಿಜವಾಗಿ ಹೆದರಬೇಕಾದ ಜಾಗ. ಎಕ್ಸೆಲ್‌ನಿಂದ ಒಂದು ಚಾರ್ಟ್ ಕಾಪಿ ಮಾಡಿ ಸ್ಲೈಡ್‌ಗೆ ಹಾಕುತ್ತೀರಿ. ‘ಎಂಬೆಡ್’ ಆಯ್ಕೆಯಲ್ಲಿ ಹಾಕಿದ್ದರೆ ಚಾರ್ಟ್ ಮಾತ್ರ ಬರುವುದಿಲ್ಲ, ಅದರ ಹಿಂದಿನ ಇಡೀ ವರ್ಕ್‌ಬುಕ್, ಅಂದರೆ ಎಕ್ಸೆಲ್ ಫೈಲ್, ಸ್ಲೈಡ್ ಒಳಗೆ ಬಂದು ಕೂರುತ್ತದೆ. ಎಲ್ಲ ಶೀಟ್‌ಗಳೂ ಇರುತ್ತವೆ. ನೀವು ಗ್ರಾಹಕರಿಗೆ ತೋರಿಸಿದ್ದು ಮಾರಾಟದ ಒಂದು ಗೆರೆ. ಅವರು ಚಾರ್ಟ್‌ನ ಡೇಟಾ ತೆರೆದು ನೋಡಿದರೆ ನಿಮ್ಮ ಲಾಭದ ಲೆಕ್ಕ, ಬೇರೆ ಗ್ರಾಹಕರ ಹೆಸರು ಎಲ್ಲ ಕಾಣಬಹುದು. ಹೊರಗೆ ಹೋಗುವ ಫೈಲ್‌ಗೆ ಚಾರ್ಟನ್ನು ಚಿತ್ರವಾಗಿ ಅಂಟಿಸಿ. ಕ್ರಾಪ್ ಮಾಡಿದ ಚಿತ್ರದ ಕಥೆಯೂ ಇದೇ. ಕತ್ತರಿಸಿದ ಭಾಗ ಕಣ್ಣಿಗೆ ಕಾಣದಿದ್ದರೂ ಫೈಲ್ ಒಳಗೆ ಉಳಿದಿರುತ್ತದೆ, ಅದನ್ನು ಅಳಿಸಲು ಬೇರೆ ಆಯ್ಕೆ ಒತ್ತಬೇಕು. ಅಡಗಿಸಿದ ಸ್ಲೈಡ್, ಸ್ಲೈಡ್ ಕೆಳಗಿನ ಟಿಪ್ಪಣಿ, ಸಹೋದ್ಯೋಗಿ ಬರೆದ ಕಾಮೆಂಟ್ ಎಲ್ಲವೂ ಜೊತೆಗೆ ಹೋಗುತ್ತವೆ. ವಿಂಡೋಸ್ ಪವರ್‌ಪಾಯಿಂಟ್‌ನಲ್ಲಿ ಟಿಪ್ಪಣಿ, ಕಾಮೆಂಟ್‌ನಂಥವನ್ನು ಹುಡುಕಿ ತೆಗೆಯುವ ‘ಡಾಕ್ಯುಮೆಂಟ್ ಇನ್‌ಸ್ಪೆಕ್ಟರ್’ ಇದೆ. ಫೋನ್ ಆ್ಯಪ್‌ನಿಂದ ಅವಸರದಲ್ಲಿ ಫೈಲ್ ಕಳಿಸುವವರು ಈ ಹೆಜ್ಜೆ ಬಿಟ್ಟೇಬಿಡುತ್ತಾರೆ.

ಇಷ್ಟೆಲ್ಲ ತಾಪತ್ರಯಕ್ಕೆ ಒಂದು ಸುಲಭ ಮದ್ದು ಪಿಡಿಎಫ್. ಸಾಮಾನ್ಯವಾಗಿ ಫಾಂಟ್ ಒಳಗೇ ಇರುತ್ತದೆ, ಯಾವ ಫೋನ್‌ನಲ್ಲಾದರೂ ತೆರೆಯುತ್ತದೆ, ಚಾರ್ಟ್ ಹಿಂದಿನ ವರ್ಕ್‌ಬುಕ್ ಬರುವುದಿಲ್ಲ. ಅನಿಮೇಶನ್ ಮತ್ತು ವಿಡಿಯೊ ಉಳಿಯುವುದಿಲ್ಲ. ಹೋದರೆ ಹೋಗಲಿ. ಪವರ್‌ಪಾಯಿಂಟ್ ಫೈಲಿನ ಪಕ್ಕದಲ್ಲಿ ಅದರ ಪಿಡಿಎಫ್ ಇಟ್ಟುಕೊಳ್ಳದೆ ಎಲ್ಲೂ ಹೋಗಬೇಡಿ.

ಕೈಯಲ್ಲಿರುವ ಸಾಧನ

ಕೈಯಲ್ಲಿ ಹಿಡಿಯುವ ಸಾಧನಗಳು ವ್ಯವಹಾರದವರ ಜೇಬಿಗೆ ಬಂದಿದ್ದು 1990ರ ದಶಕದಲ್ಲಿ. 1993ರಲ್ಲಿ ಆ್ಯಪಲ್ ನ್ಯೂಟನ್, 1996ರಲ್ಲಿ ಪಾಮ್ ಪೈಲಟ್. ಇವು ಮುಖ್ಯವಾಗಿ ವಿಳಾಸ, ಕ್ಯಾಲೆಂಡರ್, ಟಿಪ್ಪಣಿ ಇಡುವ ಯಂತ್ರಗಳು. ಕೆಲಸವೆಲ್ಲ ಕಂಪ್ಯೂಟರಿನಲ್ಲಿ, ಇದು ಅದರ ಜೇಬಿನ ಪ್ರತಿ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಲೆಕ್ಕ ಬದಲಾಯಿತು. ಈಗಂತೂ ಫೋನ್ ಒಂದರಿಂದಲೇ ಇಡೀ ಪ್ರೆಸೆಂಟೇಶನ್ ಕೊಡಬಹುದು. ಕೊಡಬಹುದು ಅನ್ನುವುದಕ್ಕೂ ನಿಮ್ಮ ಫೋನ್‌ನಿಂದ ಕೊಡಬಹುದು ಅನ್ನುವುದಕ್ಕೂ ವ್ಯತ್ಯಾಸ ಇದೆ.

ಆ ವ್ಯತ್ಯಾಸ ಇರುವುದು ಕೆಳಗಿನ ಚಾರ್ಜಿಂಗ್ ತೂತಿನಲ್ಲಿ. ಯುಎಸ್‌ಬಿ-ಸಿ ಅನ್ನುವುದು ಬಾಗಿಲಿನ ಆಕಾರದ ಹೆಸರು ಮಾತ್ರ. ಒಳಗೆ ಯಾವ ಕೋಣೆ ಇದೆ ಎಂದು ಅದು ಹೇಳುವುದಿಲ್ಲ. ಆ ತೂತಿನಿಂದ ಚಿತ್ರ ಹೊರಗೆ ಬರಬೇಕಾದರೆ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅನ್ನುವ ಸೌಲಭ್ಯ ಇರಬೇಕು. ಇದ್ದರೆ ಒಂದು ಸಣ್ಣ ಅಡಾಪ್ಟರ್ ಹಾಕಿ ಎಚ್‌ಡಿಎಂಐ ತಂತಿ ಜೋಡಿಸಿದರೆ ಸಾಕು, ಪರದೆ ಬೆಳಗುತ್ತದೆ. ಇಲ್ಲದಿದ್ದರೆ ಇಂಥ ಅಡಾಪ್ಟರ್ ಎಷ್ಟೇ ಒಳ್ಳೆಯದಿದ್ದರೂ ಏನೂ ಆಗುವುದಿಲ್ಲ. ಅಡಾಪ್ಟರ್ ಕೆಟ್ಟಿದೆ ಎಂದು ಬೈದುಕೊಳ್ಳುವವರಲ್ಲಿ ಎಷ್ಟೋ ಜನರ ಫೋನ್‌ನಲ್ಲೇ ಈ ಸೌಲಭ್ಯ ಇರುವುದಿಲ್ಲ.

ಯಾವುದರಲ್ಲಿ ಇದೆ? ಐಫೋನ್ 15 ಸಾಲು 2023ರಲ್ಲಿ ಯುಎಸ್‌ಬಿ-ಸಿಗೆ ಬದಲಾದಾಗಿನಿಂದ ಐಫೋನ್‌ನಲ್ಲಿ ಇದು ಸಿಗುತ್ತಿದೆ. ಅದಕ್ಕಿಂತ ಹಳೆಯ ಐಫೋನ್‌ಗಳಿಗೆ ಲೈಟ್ನಿಂಗ್ ಅನ್ನುವ ಅವುಗಳ ತೂತಿನಿಂದ ಎಚ್‌ಡಿಎಂಐ ಮಾಡುವ ಬೇರೆ ಅಡಾಪ್ಟರ್ ಬೇಕು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಸಾಲಿನಲ್ಲಿ 2017ರ ಎಸ್8ರಿಂದಲೇ ಡೆಕ್ಸ್ ಇದೆ. ಫೋನನ್ನು ದೊಡ್ಡ ಪರದೆಗೆ ಜೋಡಿಸಿದರೆ ಕಂಪ್ಯೂಟರಿನ ಥರ ಕಿಟಕಿಗಳು ತೆರೆದುಕೊಳ್ಳುತ್ತವೆ. ಗೂಗಲ್ ಪಿಕ್ಸೆಲ್‌ನಲ್ಲಿ ಪಿಕ್ಸೆಲ್ 8ರಿಂದ ಈಚೆಗೆ ಚಿತ್ರ ಹೊರಗೆ ಬರುತ್ತದೆ. ಕಡಿಮೆ ಮತ್ತು ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹೆಚ್ಚಿನವು ತೂತು ಹೊಸದಾದರೂ ಒಳಗೆ ಹಳೆಯ ಯುಎಸ್‌ಬಿ 2.0 ಇಟ್ಟುಕೊಂಡಿರುತ್ತವೆ. ಅವುಗಳಿಂದ ಚಿತ್ರ ಬರುವುದಿಲ್ಲ. ಕೊಳ್ಳುವ ಮೊದಲು ತಯಾರಕರ ವಿವರಣಾ ಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಅನ್ನುವ ಪದ ಇದೆಯಾ ನೋಡಿ. ಅಂಗಡಿಯವರನ್ನು ಸುಮ್ನೆ ‘ಟೈಪ್-ಸಿ ಇದೆಯಾ’ ಎಂದು ಕೇಳಿದರೆ ‘ಇದೆ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ.

ಲ್ಯಾಪ್‌ಟಾಪ್‌ಗಳಲ್ಲೂ ಈ ಮೋಸ ಇದೆ. ಒಂದೇ ಲ್ಯಾಪ್‌ಟಾಪಿನ ಎರಡು ಯುಎಸ್‌ಬಿ-ಸಿ ತೂತುಗಳಲ್ಲಿ ಒಂದರಿಂದ ಮಾತ್ರ ಚಿತ್ರ ಬರಬಹುದು. ಎಷ್ಟೋ ಮಾದರಿಗಳಲ್ಲಿ ತೂತಿನ ಪಕ್ಕ ಮಿಂಚಿನ ಗುರುತು ಅಥವಾ ಡಿಸ್‌ಪ್ಲೇಪೋರ್ಟ್‌ನ ಗುರುತು ಇರುತ್ತದೆ.

ಇನ್ನೊಂದು ತೊಡಕು, ಫೋನ್‌ಗೆ ಇರುವುದು ಒಂದೇ ತೂತು. ಅದಕ್ಕೆ ಪರದೆ ಜೋಡಿಸಿದರೆ ಚಾರ್ಜ್ ಮಾಡುವುದು ಎಲ್ಲಿಂದ? ಬ್ಯಾಟರಿ ಅರ್ಧ ಇದ್ದಾಗ ಒಂದು ಗಂಟೆಯ ಪ್ರೆಸೆಂಟೇಶನ್ ಶುರು ಮಾಡಿದರೆ ಬೆವರಿಳಿಯುತ್ತದೆ. ಎಚ್‌ಡಿಎಂಐ ಜೊತೆಗೆ ಚಾರ್ಜರ್ ಜೋಡಿಸುವ ತೂತೂ ಇರುವ ಹಬ್ ತೆಗೆದುಕೊಳ್ಳಿ. ಸಣ್ಣ ವಸ್ತು, ಚೀಲದಲ್ಲಿ ಸದಾ ಇರಲಿ. ಹಳೆಯ ಸಭಾಂಗಣಗಳಿಗೆ ಹೋಗುವವರು ವಿಜಿಎ (ಹಳೆಯ ಪ್ರೊಜೆಕ್ಟರ್‌ಗಳ ತಂತಿ) ಅಡಾಪ್ಟರ್ ಕೂಡ ಇಟ್ಟುಕೊಳ್ಳಬೇಕು. ವಿಜಿಎ ಬಂದಿದ್ದೂ ಪವರ್‌ಪಾಯಿಂಟ್ ಹುಟ್ಟಿದ 1987ರಲ್ಲೇ, ಎರಡೂ ಇನ್ನೂ ನಮ್ಮನ್ನು ಬಿಟ್ಟಿಲ್ಲ. ವಿಜಿಎ ತಂತಿಯಲ್ಲಿ ಧ್ವನಿ ಹೋಗುವುದಿಲ್ಲ. ವಿಡಿಯೊ ಇರುವ ಸ್ಲೈಡ್ ಆದರೆ ಸ್ಪೀಕರ್‌ಗೆ ಬೇರೆ ದಾರಿ ನೋಡಿಕೊಳ್ಳಬೇಕು.

ತಂತಿ ಯಾಕೆ, ವೈರ್‌ಲೆಸ್ ಇಲ್ವಾ ಅನ್ನಬಹುದು. ಇದೆ, ಒಂದಲ್ಲ ಮೂರು. ಆ್ಯಪಲ್‌ನ ಏರ್‌ಪ್ಲೇ 2010ರಲ್ಲಿ, ಮಿರಾಕಾಸ್ಟ್ 2012ರಲ್ಲಿ, ಗೂಗಲ್‌ನ ಕ್ರೋಮ್‌ಕಾಸ್ಟ್ 2013ರಲ್ಲಿ ಬಂತು. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಐಫೋನ್‌ಗೆ ಮಿರಾಕಾಸ್ಟ್ ಬರುವುದಿಲ್ಲ, ಪಿಕ್ಸೆಲ್‌ಗೂ ಬರುವುದಿಲ್ಲ. ವಿಂಡೋಸ್‌ಗೆ ಮಿರಾಕಾಸ್ಟ್ ಗೊತ್ತು, ಏರ್‌ಪ್ಲೇ ತಾನಾಗಿ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ವೈ-ಫೈ. ಏರ್‌ಪ್ಲೇ ಮತ್ತು ಕ್ರೋಮ್‌ಕಾಸ್ಟ್ ಸಾಮಾನ್ಯವಾಗಿ ಫೋನ್ ಮತ್ತು ಪರದೆ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಕು ಎಂದು ಬಯಸುತ್ತವೆ. ಅತಿಥಿಗಳಿಗೆ ಕೊಡುವ ವೈ-ಫೈಯಲ್ಲಿ ಭದ್ರತೆಗಾಗಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಮಾಡಿರುತ್ತಾರೆ. ನೆಟ್ ಚೆನ್ನಾಗಿ ಬರುತ್ತಿರುತ್ತದೆ, ಪರದೆ ಮಾತ್ರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಮಿರಾಕಾಸ್ಟ್ ಸಾಧನದಿಂದ ಪರದೆಗೆ ನೇರ ಸಂಪರ್ಕ ಮಾಡಿಕೊಳ್ಳುವುದರಿಂದ ಈ ತೊಂದರೆ ಕಡಿಮೆ. ನಿಮ್ಮದೇ ಕಚೇರಿಯಲ್ಲಿ ವೈರ್‌ಲೆಸ್ ಆರಾಮ. ಬೇರೆಯವರ ಜಾಗಕ್ಕೆ ಹೋಗುವಾಗ ತಂತಿಯನ್ನೇ ನಂಬಿ.

ಪರದೆಗೆ ಜೋಡಿಸಿದ ಮೇಲೆ ಏನು ಕಾಣುತ್ತದೆ ಅನ್ನುವುದೂ ಮುಖ್ಯ. ಫೋನ್ ಅಥವಾ ಟ್ಯಾಬ್ಲೆಟ್ ತನ್ನ ಪರದೆಯನ್ನು ಇದ್ದ ಹಾಗೇ ತೋರಿಸಿದರೆ ಅದು ಬರೀ ಪ್ರತಿಬಿಂಬ. ಬಂದ ಸಂದೇಶ, ಕರೆ ಎಲ್ಲವೂ ಸಭೆಗೆ ಕಾಣುತ್ತದೆ. 4:3 ಹತ್ತಿರದ ಐಪ್ಯಾಡ್ ಆದರೆ ಅಕ್ಕಪಕ್ಕ ಕಪ್ಪು ಪಟ್ಟಿ ಬರುತ್ತದೆ. ಪ್ರೆಸೆಂಟರ್ ವ್ಯೂ ಇದ್ದರೆ ದೊಡ್ಡ ಪರದೆಯಲ್ಲಿ ಸ್ಲೈಡ್ ಮಾತ್ರ, ನಿಮ್ಮ ಕೈಯಲ್ಲಿ ಟಿಪ್ಪಣಿ, ಮುಂದಿನ ಸ್ಲೈಡ್, ಗಡಿಯಾರ. ಕೀನೋಟ್‌ನಲ್ಲೂ ಪವರ್‌ಪಾಯಿಂಟ್ ಮೊಬೈಲ್ ಆ್ಯಪ್‌ನಲ್ಲೂ ಇದು ಇದೆ. ನೀವು ಬಳಸುವ ಆ್ಯಪ್ ನಿಮ್ಮ ಸಾಧನದಲ್ಲಿ ಹೀಗೆ ಮಾಡುತ್ತದಾ ಎಂದು ಮನೆಯ ಟಿವಿಗೆ ಜೋಡಿಸಿ ಮೊದಲೇ ನೋಡಿಕೊಳ್ಳಿ. ಏನೇ ಇರಲಿ, ಶುರುವಿಗೆ ಮುಂಚೆ ‘ಡು ನಾಟ್ ಡಿಸ್ಟರ್ಬ್’ ಹಾಕಿ.

ಹಾಗಾದರೆ ಫೋನಾ, ಟ್ಯಾಬ್ಲೆಟ್ಟಾ, ಲ್ಯಾಪ್‌ಟಾಪಾ? ತೋರಿಸಲು ಫೋನ್ ಸಾಕು, ಕೊನೆಯ ಗಳಿಗೆಯಲ್ಲಿ ಒಂದು ಅಂಕಿ ತಿದ್ದಲೂ ಸಾಕು. ಕಟ್ಟಲು ಲ್ಯಾಪ್‌ಟಾಪೇ ಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಟ್ಯಾಬ್ಲೆಟ್‌ನ ಜಾಗ ಬೇರೆ. ಒಬ್ಬರೋ ಇಬ್ಬರೋ ಎದುರು ಕೂತಾಗ ಪ್ರೊಜೆಕ್ಟರ್ ಬೇಡ. ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟು ಅವರ ಕಡೆ ತಿರುಗಿಸಿದರೆ ಸಾಕು. ಪೆನ್‌ನಿಂದ ಸ್ಲೈಡ್ ಮೇಲೆ ಗೆರೆ ಎಳೆದು, ಸುತ್ತು ಹಾಕಿ ವಿವರಿಸಬಹುದು. ತರಬೇತಿ ಕೊಡುವವರಿಗೆ, ನಕ್ಷೆ ತೋರಿಸುವ ಎಂಜಿನಿಯರ್‌ಗಳಿಗೆ, ವಿಮೆ ಅಥವಾ ಹೂಡಿಕೆ ವಿವರಿಸುವವರಿಗೆ ಇದರಷ್ಟು ಉಪಯೋಗದ ಸಾಧನ ಇನ್ನೊಂದಿಲ್ಲ. ಪೆನ್ ಬಳಸುವುದಿಲ್ಲ, ಎದುರು ಕೂತು ತೋರಿಸುವುದಿಲ್ಲ ಎಂದಾದರೆ ಟ್ಯಾಬ್ಲೆಟ್ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಸ್ಲೈಡ್ ತಿರುಗಿಸುವ ಕ್ಲಿಕ್ಕರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದು ಎರಡು ಮೂರು ಗುಂಡಿಗಳ ಕೀಬೋರ್ಡ್ ಅಷ್ಟೇ. ಒತ್ತಿದಾಗ ಕಂಪ್ಯೂಟರಿಗೆ ‘ಪೇಜ್ ಡೌನ್’, ‘ಪೇಜ್ ಅಪ್’ ಎಂದು ಹೇಳುತ್ತದೆ. ಅದಕ್ಕೇ ಯಾವ ಸಾಫ್ಟ್‌ವೇರ್ ಜೊತೆಗಾದರೂ ಹೊಂದಿಕೊಳ್ಳುತ್ತದೆ. ಯುಎಸ್‌ಬಿ ರಿಸೀವರ್ ಇರುವುದು ಲ್ಯಾಪ್‌ಟಾಪ್‌ಗೆ ಸುಲಭ, ಬ್ಲೂಟೂತ್ ಇರುವುದು ಫೋನ್, ಟ್ಯಾಬ್ಲೆಟ್‌ಗೆ ಅನುಕೂಲ. ಎರಡೂ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಲೇಸರ್ ನೋಡಿ ಮರುಳಾಗಬೇಡಿ. ಬಟ್ಟೆಯ ಪರದೆಯ ಮೇಲೆ ಅದು ಚೆನ್ನಾಗಿ ಕಾಣುತ್ತದೆ, ಟಿವಿ ಮತ್ತು ಎಲ್‌ಇಡಿ ಗೋಡೆಗಳ ಮೇಲೆ ಮಂಕಾಗುತ್ತದೆ. ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ನೋಡುತ್ತಿರುವವರಿಗಂತೂ ಕಾಣುವುದೇ ಇಲ್ಲ. ಪವರ್‌ಪಾಯಿಂಟ್ ಪ್ರೆಸೆಂಟರ್ ವ್ಯೂನಲ್ಲಿರುವ ಲೇಸರ್ ಚುಕ್ಕೆ ಸ್ಲೈಡ್‌ನ ಮೇಲೇ ಮೂಡುವುದರಿಂದ ಎಲ್ಲರಿಗೂ ಕಾಣುತ್ತದೆ.

ಸಾಧನ ಕಳೆದುಹೋದರೆ? ಕಚೇರಿಯ ಸ್ಲೈಡ್‌ಗಳು ಇರುವ ಫೋನ್‌ಗೆ ಲಾಕ್ ಇರಲೇಬೇಕು, ದೂರದಿಂದ ಅಳಿಸುವ ಸೌಲಭ್ಯ ಆನ್ ಆಗಿರಬೇಕು. ಆಂಡ್ರಾಯ್ಡ್‌ನಲ್ಲಿ ಕಚೇರಿಯವರು ವರ್ಕ್ ಪ್ರೊಫೈಲ್ ಮಾಡಿಕೊಟ್ಟರೆ ಕೆಲಸದ ಆ್ಯಪ್‌ಗಳು ಬೇರೆಯಾಗಿ ಇರುತ್ತವೆ. ಕಂಪನಿ ಅಷ್ಟನ್ನೇ ಅಳಿಸಬಹುದು, ನಿಮ್ಮ ಮನೆಯ ಫೋಟೊಗಳನ್ನು ಮುಟ್ಟದೆ. ಕೊಳ್ಳುವಾಗ ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು ನೋಡಿ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ 7 ವರ್ಷದ ಭರವಸೆ ಕೊಟ್ಟಿವೆ. ಅಗ್ಗದ ಫೋನ್‌ಗಳಲ್ಲಿ ಇದು ತುಂಬಾ ಕಡಿಮೆ.

ಜೋಡಿಗಳು

ದಿನಾ ಗ್ರಾಹಕರ ಕಚೇರಿಗಳಿಗೆ ಓಡಾಡುವ ಮಾರಾಟದವರು ಪವರ್‌ಪಾಯಿಂಟ್ ಫೈಲ್, ಅದರ ಪಿಡಿಎಫ್, ಚಿತ್ರ ಹೊರಗೆ ಕೊಡುವ ಫೋನ್, ಚಾರ್ಜ್ ಆಗುವ ಹಬ್, ಸ್ವಂತ ಎಚ್‌ಡಿಎಂಐ ತಂತಿ ಇಟ್ಟುಕೊಳ್ಳಬೇಕು. ಎಲ್ಲ ಫೈಲ್ ಫೋನ್ ಒಳಗೇ ಇಳಿಸಿಕೊಂಡಿರಬೇಕು, ಕ್ಲೌಡ್‌ನಲ್ಲಿ ಬಿಟ್ಟಿರಬಾರದು. ತರಬೇತುದಾರರು ಆ್ಯಪಲ್ ಬಳಸುವವರಾದರೆ ಐಪ್ಯಾಡ್, ಪೆನ್, ಕೀನೋಟ್. ಬೇರೆಯವರು ಪೆನ್ ಇರುವ ಟ್ಯಾಬ್ಲೆಟ್ ಮತ್ತು ಪವರ್‌ಪಾಯಿಂಟ್. ಸಮ್ಮೇಳನದಲ್ಲಿ ಮಾತಾಡುವವರಿಗೆ ಸಾಧನದ ಪ್ರಶ್ನೆಯೇ ಇಲ್ಲ. ಫಾಂಟ್ ಸೇರಿಸಿದ ಪವರ್‌ಪಾಯಿಂಟ್ ಫೈಲ್ ಪೆನ್‌ಡ್ರೈವ್‌ನಲ್ಲಿ ಒಂದು, ಮೇಲ್‌ನಲ್ಲಿ ಒಂದು. ಸಾಧ್ಯವಾದರೆ ಅವರ ಕಂಪ್ಯೂಟರಿನಲ್ಲಿ ಮೊದಲೇ ಒಂದು ಸಲ ಓಡಿಸಿ ನೋಡುವುದು.

ತಂಡದ ಜೊತೆ ವಿಡಿಯೊ ಕಾಲ್‌ನಲ್ಲೇ ದಿನ ಕಳೆಯುವವರಿಗೆ ಗೂಗಲ್ ಸ್ಲೈಡ್ಸ್ ಅಥವಾ ಒನ್‌ಡ್ರೈವ್‌ನಲ್ಲಿಟ್ಟ ಪವರ್‌ಪಾಯಿಂಟ್ ಎರಡರಲ್ಲಿ ಕಚೇರಿಯ ಮೇಲ್ ಯಾವ ಕಂಪನಿಯದ್ದೋ ಅದು. ಬೇರೆ ಕಾರಣ ಹುಡುಕುವ ಅಗತ್ಯ ಇಲ್ಲ. ಇವರ ಸ್ಲೈಡನ್ನು ಎಷ್ಟೋ ಜನ ಫೋನ್‌ನಲ್ಲೇ ನೋಡುತ್ತಿರುತ್ತಾರೆ. ಆದ್ದರಿಂದ ಕಳಿಸುವ ಮೊದಲು ಸ್ಲೈಡನ್ನು ತಮ್ಮದೇ ಫೋನ್‌ನಲ್ಲಿ ತೆರೆದು, ಹಿಗ್ಗಿಸದೆ, ಫೋನ್ ಅಡ್ಡ ತಿರುಗಿಸದೆ ಓದಲಿ. ಓದಲು ಬಾರದ ಪಟ್ಟಿಯನ್ನು ಎರಡು ಸ್ಲೈಡ್ ಮಾಡಿದರೆ ಆಯಿತು.